ಕೋಲಾರದಲ್ಲಿ ಕನ್ನಡ ಪ್ರಶ್ನಾವಳಿ ಒಂದೇ ಸಾಕಾ?

ಹಳ್ಳಿ ಹೆಂಗಸರ ಖಿನ್ನತೆ ಕುರಿತ ಎಂ.ಎಸ್‌ಸಿ. ಪ್ರಾಜೆಕ್ಟ್‌ಗೆ ಪಿಎಚ್‌ಕ್ಯೂ-9ರ (ಖಿನ್ನತೆ ಅಳೆಯೋ ಒಂಬತ್ತು ಪ್ರಶ್ನೆಗಳ ಇಂಗ್ಲಿಷ್ ಪ್ರಶ್ನಾವಳಿ) ಕನ್ನಡ ಅನುವಾದ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮುಳಬಾಗಿಲು, ಶ್ರೀನಿವಾಸಪುರ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು. ಕೆಜಿಎಫ್‌ನಲ್ಲಿ ತಮಿಳು ಜಾಸ್ತಿ. ಇವರೆಲ್ಲ ಕನ್ನಡ ಆಡುತ್ತಾರೆ, ಆದರೆ ಸಂಕಟ ಹೇಳಿಕೊಳ್ಳೋದು ಮನೆಮಾತಲ್ಲೇ ಅಲ್ವಾ?

ನನ್ನ ವಿದ್ಯಾರ್ಥಿನಿಯೊಬ್ಬಳು ರೇಷ್ಮೆಹುಳಕ್ಕೆ ಸೊಪ್ಪು ಹಾಕುತ್ತಿದ್ದ ಹಳ್ಳಿ ಹೆಂಗಸೊಬ್ಬರನ್ನು ‘ಖಿನ್ನತೆ ಇದೆಯಾ?’ ಅಂತ ಕೇಳಿದಳು. ‘ಅದೇನವ್ವಾ? ಎದೆ ಮೇಲೆ ಕಲ್ಲು ಇಟ್ಟಂಗಾಗುತ್ತೆ, ನಿದ್ದೆ ಬರಲ್ಲ ಅಷ್ಟೆ’ ಅಂದರು.

ಹಾಗಾಗಿ ಒಬ್ಬರಿಂದ ಇಂಗ್ಲಿಷ್ ಪ್ರಶ್ನಾವಳಿಯನ್ನು ತೆಲುಗಿಗೆ (ಕೆಜಿಎಫ್ ಕಡೆಗಾದರೆ ತಮಿಳಿಗೆ) ಅನುವಾದ ಮಾಡಿಸಿ. ಮೂಲ ನೋಡದ ಇನ್ನೊಬ್ಬರಿಂದ ವಾಪಸ್ ಇಂಗ್ಲಿಷಿಗೆ ಮಾಡಿಸಿ, ಮೂಲದ ಜೊತೆ ಹೋಲಿಸಿ. ಆಮೇಲೆ ಐದಾರು ಜನರ ಹತ್ತಿರ ಓದಿಸಿ, ಏನು ಅರ್ಥವಾಯ್ತು ಅಂತ ಕೇಳಿ. ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ‘ಹೌದು’ ಅಂದರೆ ಸುಮ್ನೆ ಬರೆದುಕೊಂಡು ಬರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಕೈಯಲ್ಲಿರಲಿ, ಗೈಡ್‌ಗೂ ಅವತ್ತೇ ತಿಳಿಸಿ.