ಕೇಸ್‌ಶೀಟ್ ಓದುವ ಸಿಸ್ಟರ್‌ಗೆ ಪ್ಯಾಸೇಜ್ ಯಾಕೆ ಓದಲಾಗಲಿಲ್ಲ

ಈ ನರ್ಸ್ ನನ್ನ ಹತ್ತಿರ ಸಮಾಲೋಚನೆಗೆ ಬಂದದ್ದು ಇಂಗ್ಲಿಷ್‌ಗಾಗಿ ಅಲ್ಲ, ನಿದ್ದೆ ಬರುವುದಿಲ್ಲ ಎಂದು. ಇದನ್ನು ಬರೆಯಲು ಅವರ ಒಪ್ಪಿಗೆ ಇದೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಹೆಸರಿನ ಬದಲು ಸಿಸ್ಟರ್ ಎನ್ನುತ್ತೇನೆ. ವಾರ್ಡಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ.

ಸಿಸ್ಟರ್‌ಗೆ 29 ವರ್ಷ. ರೋಣ ತಾಲ್ಲೂಕಿನ ಒಂದು ಹಳ್ಳಿಯವರು. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಆಮೇಲೆ ಬಿಎಸ್ಸಿ ನರ್ಸಿಂಗ್. ಈಗ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ. ಬ್ರಿಟನ್‌ಗೆ ಹೋಗಿ ದುಡಿಯಬೇಕೆಂಬ ಆಸೆ. ಅದಕ್ಕೆ ಒಇಟಿ ಬರೆಯುತ್ತಿದ್ದರು. ವೈದ್ಯರು, ನರ್ಸ್‌ಗಳಂಥ ಆರೋಗ್ಯ ಕ್ಷೇತ್ರದವರಿಗಾಗಿಯೇ ಇರುವ ಇಂಗ್ಲಿಷ್ ಪರೀಕ್ಷೆ ಅದು. ಬ್ರಿಟನ್ನಿನ ನರ್ಸಿಂಗ್ ಕೌನ್ಸಿಲ್ ಆದ ಎನ್‌ಎಂಸಿ, ಓದುವುದು, ಕೇಳುವುದು, ಮಾತಾಡುವುದು ಮೂರರಲ್ಲೂ ಬಿ ಗ್ರೇಡ್ ಕೇಳುತ್ತದೆ. ಅಂದರೆ 500ಕ್ಕೆ ಕನಿಷ್ಠ 350. ಬರವಣಿಗೆಗೆ ಸಿ ಪ್ಲಸ್ ಸಾಕು. ಇವರಿಗೆ ಉಳಿದದ್ದೆಲ್ಲ ಬಂದಿತ್ತು. ರೀಡಿಂಗ್ ಮಾತ್ರ ಮೊದಲ ಸಲ 290, ಎರಡನೇ ಸಲ 310.

‘ಗ್ರಾಮರ್ ಎಲ್ಲಾ ಬಾಯಿಪಾಠ ಐತ್ರೀ ಮೇಡಂ. ಆದ್ರ ದೊಡ್ಡ ಪ್ಯಾಸೇಜ್ ಬಂದ್ರ ತಲಿ ಖಾಲಿ ಆಗ್ತೈತ್ರಿ’ ಎಂದರು. ಅವರು ಸೇರಿದ್ದ ಕೋಚಿಂಗ್‌ನಲ್ಲಿ ‘ನಿಮ್ಮ ಬೇಸಿಕ್ಸೇ ವೀಕ್’ ಎಂದಿದ್ದರಂತೆ. ಹಾಗಾಗಿ ಟೆನ್ಸ್, ವಾಯ್ಸ್, ಪ್ರಿಪೊಸಿಷನ್ ಎಲ್ಲ ಮತ್ತೆ ಮೊದಲಿನಿಂದ ಶುರು. ದಿನಕ್ಕೆ ಐವತ್ತು ಹೊಸ ಪದ. ನೈಟ್ ಡ್ಯೂಟಿ ಮುಗಿಸಿ ಬಂದು, ಚಹಾ ಕುಡಿದು, ಒಂದು ಪೂರ್ತಿ ಮಾಕ್ ಟೆಸ್ಟ್. ಅಂಕ ನೋಡಿ ಅಳು. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಇನ್ನೊಂದು ಮಾತು ಎರಡನೇ ಭೇಟಿಯಲ್ಲಿ ಹೊರಬಂತು. ಎರಡನೇ ಸಲ ಆಗಲಿಲ್ಲ ಎಂದು ಮನೆಯಲ್ಲಿ ಹೇಳಿರಲಿಲ್ಲ. ‘ರಿಸಲ್ಟ್ ಇನ್ನೂ ಬಂದಿಲ್ಲ’ ಎಂದು ಎರಡು ತಿಂಗಳಿಂದ ಅವ್ವನಿಗೆ ಸುಳ್ಳು ಹೇಳುತ್ತಿದ್ದರು. ಫೀಸಿಗೆ ಅವ್ವ ಸಂಘದಲ್ಲಿ ಸಾಲ ಎತ್ತಿದ್ದರು.

ಮೂರನೇ ಭೇಟಿಗೆ ಅವರ ಪ್ರಾಕ್ಟೀಸ್ ಪೇಪರ್ ತರಲು ಹೇಳಿದೆ. ನಾನು ಇಂಗ್ಲಿಷ್ ಮೇಷ್ಟ್ರಲ್ಲ. ಆದರೆ ಒಬ್ಬರು ಎಲ್ಲಿ ತಡವರಿಸುತ್ತಾರೆ ಎಂದು ಪಕ್ಕದಲ್ಲಿ ಕೂತು ನೋಡಬಹುದು, ಅಲ್ವಾ? ಒಇಟಿ ರೀಡಿಂಗ್‌ನಲ್ಲಿ ಮೂರು ಭಾಗ. ಮೊದಲನೆಯದರಲ್ಲಿ ನಾಲ್ಕು ಚಿಕ್ಕ ಬರಹ, 20 ಪ್ರಶ್ನೆ, 15 ನಿಮಿಷ. ಔಷಧದ ಪ್ರಮಾಣ, ಲಕ್ಷಣ ಇಂಥದನ್ನು ಬೇಗ ಹುಡುಕಬೇಕು. ಅದನ್ನು ಸಿಸ್ಟರ್ ಸಲೀಸಾಗಿ ಮಾಡಿದರು. 18 ಸರಿ. ಎರಡನೇ ಭಾಗವೂ ಪರವಾಗಿಲ್ಲ. ಕೊನೆಯ ಭಾಗದಲ್ಲಿ ಸುಮಾರು 800 ಪದಗಳ ಎರಡು ಲೇಖನ, ಒಂದೊಂದಕ್ಕೆ ಎಂಟು ಪ್ರಶ್ನೆ. ಅಲ್ಲಿ ನಿಂತೇಬಿಟ್ಟರು. 16ರಲ್ಲಿ ಐದು ಸರಿ.

ಪದ ಗೊತ್ತಿಲ್ಲದ್ದಕ್ಕಾ? ಎಣಿಸಿ ನೋಡಿದೆವು. ಪದಸಂಪತ್ತಿನ ಬಗ್ಗೆ ಕೆಲಸ ಮಾಡಿದ ನ್ಯೂಜಿಲೆಂಡಿನ ವಿದ್ವಾಂಸ ಪಾಲ್ ನೇಶನ್ ಹೇಳುವಂತೆ, ಯಾರ ನೆರವೂ ಇಲ್ಲದೆ ಓದಿ ತಿಳಿಯಲು ನೂರರಲ್ಲಿ ಸುಮಾರು 98 ಪದ ಗೊತ್ತಿರಬೇಕು. ಲೇಖನದ ಮೊದಲ ಇನ್ನೂರು ಪದಗಳಲ್ಲಿ ಸಿಸ್ಟರ್ ಗೆರೆ ಎಳೆದದ್ದು ಮೂರಕ್ಕೆ ಮಾತ್ರ. ಪದಗಳು ಇದ್ದವು. ಅಂದರೆ ದಿನದ ಆ ಐವತ್ತು ಪದಗಳ ಹೊರೆ ಸುಮ್ನೆ ಹೊತ್ತದ್ದು.

ಆಗ ಒಂದು ವಾಕ್ಯವನ್ನು ಕನ್ನಡದಲ್ಲಿ ಹೇಳಲು ಕೇಳಿದೆ. ‘ದಿ ನರ್ಸಸ್ ಹೂ ಹ್ಯಾಡ್ ಟ್ರೈಡ್ ದಿ ನ್ಯೂ ಚಾರ್ಟ್ ಸೆಡ್ ಇಟ್ ಹಾರ್ಡ್ಲಿ ಸೇವ್ಡ್ ಎನಿ ಟೈಮ್.’ ಅವರು ಹೇಳಿದ್ದು: ‘ನರ್ಸ್‌ಗಳು ಹೊಸ ಚಾರ್ಟ್ ಟ್ರೈ ಮಾಡಿದ್ರು, ಕಷ್ಟಪಟ್ಟು ಟೈಮ್ ಉಳಿಸಿದ್ರು.’ ಪೂರ್ತಿ ತಿರುವುಮುರುವು. ಆ ಚಾರ್ಟ್‌ನಿಂದ ಟೈಮ್ ಹೆಚ್ಚುಕಡಿಮೆ ಉಳಿಯಲೇ ಇಲ್ಲ ಎಂದು ನರ್ಸ್‌ಗಳು ದೂರಿದ್ದರು. ‘ಹಾರ್ಡ್ಲಿ’ ಅಂದರೆ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ‘ಹಾರ್ಡ್’, ಅಂದರೆ ಕಷ್ಟ, ಎಂದು ಓದಿದ್ದರು. ಅದಕ್ಕಿಂತ ಮುಖ್ಯ, ಯಾರು ಏನು ಮಾಡಿದರು, ಯಾರು ಏನು ಅಂದರು ಎಂಬ ಕೊಂಡಿಯೇ ತಪ್ಪಿತ್ತು.

ಕನ್ನಡದಲ್ಲಿ ನಾವು ‘ಹೊಸ ಚಾರ್ಟ್ ಬಳಸಿ ನೋಡಿದ ನರ್ಸ್‌ಗಳು’ ಎನ್ನುತ್ತೇವೆ. ವಿವರ ಮೊದಲು, ನರ್ಸ್ ಆಮೇಲೆ. ಕ್ರಿಯಾಪದ ವಾಕ್ಯದ ಕೊನೆಗೆ ಬಂದು ಕೂರುತ್ತದೆ. ಇಂಗ್ಲಿಷ್‌ನಲ್ಲಿ ನರ್ಸ್ ಮೊದಲು, ವಿವರ ಹಿಂದೆ, ನಿಜವಾದ ಕ್ರಿಯಾಪದ ನಡುವೆ ಎಲ್ಲೋ. ಕಣ್ಣು ಮೊದಲು ಸಿಕ್ಕ ಕ್ರಿಯಾಪದವನ್ನೇ ಹಿಡಿದುಬಿಡುತ್ತದೆ. ಇದಕ್ಕೆ ಬೇಸಿಕ್ಸ್ ವೀಕ್ ಎನ್ನುವುದು ಅನ್ಯಾಯ. ಒಂದು ಭಾಷೆಯಲ್ಲಿ ಚೆನ್ನಾಗಿ ಬೇರೂರಿದ ಅಭ್ಯಾಸ ಅದು.

ಇನ್ನೊಂದು ಕಾರಣ ಅವರ ಕೆಲಸದಲ್ಲೇ ಇತ್ತು. ದಿನವಿಡೀ ಇಂಗ್ಲಿಷ್ ಓದುತ್ತಾರೆ, ನಿಜ. ಆದರೆ ಯಾವ ಇಂಗ್ಲಿಷ್? ‘ಪೇಷೆಂಟ್ ಸ್ಟೇಬಲ್. ವೈಟಲ್ಸ್ ನಾರ್ಮಲ್. ಐವಿ ಫ್ಲೂಯಿಡ್ಸ್ ಕಂಟಿನ್ಯೂಡ್.’ ಕೇಸ್‌ಶೀಟ್ ಭಾಷೆಯಲ್ಲಿ ವಾಕ್ಯಗಳೇ ಇಲ್ಲ, ತುಂಡುಗಳು. ಮೊದಲ ಭಾಗ ಸಲೀಸಾದದ್ದು, ಕೊನೆಯದು ಕೈಕೊಟ್ಟದ್ದು ಎರಡಕ್ಕೂ ಇದೇ ಕಾರಣ ಎಂದು ನನಗನಿಸಿತು. ಇದನ್ನು ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಹಂಗಾದ್ರ ನಾ ದಡ್ಡಿ ಅಲ್ಲೇನ್ರಿ?’ ಎಂದು ಕೇಳಿದರು. ಆ ಪ್ರಶ್ನೆ ಕೇಳಿ ನನಗೆ ಬಹಳ ಸಂಕಟವಾಯಿತು. ಆರು ವರ್ಷದಿಂದ ಜನರ ಜೀವ ಕಾಯುತ್ತಿರುವ ಹೆಣ್ಣುಮಗಳು ಅವರು.

ನಾನು ಮೊದಲು ಕೇಳಿಕೊಂಡದ್ದು ಅವ್ವನಿಗೆ ನಿಜ ಹೇಳಿ ಎಂದು. ಮುಚ್ಚಿಟ್ಟ ಸೋಲು ಒಳಗೇ ಕೂತಿರುವಾಗ ಪ್ರತಿ ಮಾಕ್ ಟೆಸ್ಟ್ ಕೋರ್ಟಿನ ತೀರ್ಪಿನಂತೆ ಆಗುತ್ತದೆ. ಹೇಳಿದರು. ಅವ್ವ ಬೈಯಲಿಲ್ಲವಂತೆ. ‘ಉಂಡಿಯೇನವಾ?’ ಎಂದು ಕೇಳಿದರಂತೆ.

ನೈಟ್ ಡ್ಯೂಟಿಯಿಂದ ಬಂದ ಬೆಳಿಗ್ಗೆ ಪುಸ್ತಕ ಮುಟ್ಟಬೇಡಿ, ಮಲಗಿ ಎಂದೆ. ಓದಿದ್ದು ತಲೆಯಲ್ಲಿ ನೆಲೆಯಾಗಲು ನಿದ್ದೆ ಬೇಕು. ಮಾಕ್ ಟೆಸ್ಟ್ ಹತ್ತು ದಿನಕ್ಕೊಂದು, ಅದೂ ರಜೆಯ ದಿನ. ಮಾಡಿದ ಮೇಲೆ ಅಂಕ ಬರೆದಿಡುವುದು ಬೇಡ. ಪ್ರತಿ ತಪ್ಪು ಉತ್ತರಕ್ಕೂ, ಸರಿ ಉತ್ತರ ಪ್ಯಾಸೇಜಿನ ಯಾವ ವಾಕ್ಯದಲ್ಲಿತ್ತೋ ಆ ವಾಕ್ಯವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬರೆಯುತ್ತಾ ಹೋದಾಗ ಅವರಿಗೇ ಒಂದು ಸಂಗತಿ ಕಂಡಿತು. ಎಷ್ಟೋ ಕಡೆ ತಾವು ನರ್ಸ್ ಆಗಿ ಸರಿ ಎಂದು ನಂಬಿದ್ದನ್ನು ಟಿಕ್ ಮಾಡಿದ್ದರು. ಪ್ರಶ್ನೆ ಕೇಳಿದ್ದು ಲೇಖಕರ ಅಭಿಪ್ರಾಯ ಏನು ಎಂದು.

ಉಳಿದ ದಿನ ಒಂದೇ ಒಂದು ಲೇಖನ. ಆರೋಗ್ಯದ ವಿಷಯ, ಇಂಗ್ಲಿಷ್ ದಿನಪತ್ರಿಕೆಯದಾದರೂ ಸಾಕು. ಉದ್ದ ವಾಕ್ಯ ಬಂದಾಗ ಪೆನ್ಸಿಲ್‌ನಿಂದ ಮುಖ್ಯ ಕ್ರಿಯಾಪದಕ್ಕೆ ಗುರುತು ಹಾಕಿ, ‘ಯಾರು?’ ಎಂದು ಹಿಂದೆ ನೋಡುವುದು. ಧಾರವಾಡಕ್ಕೆ ನನ್ನ ಹತ್ತಿರ ಬರುವಾಗ ಚಿಗರಿ ಬಸ್ಸಿನಲ್ಲೂ ಇದನ್ನೇ ಮಾಡುತ್ತಿದ್ದರು. ಹೊಸ ಪದ ದಿನಕ್ಕೆ ಐದೇ, ಅದು ಬಂದ ವಾಕ್ಯದ ಸಮೇತ. ಮರುದಿನ ಒಮ್ಮೆ, ಮೂರು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಅರ್ಥ ಮುಚ್ಚಿ ನೆನಪಿಸಿಕೊಳ್ಳುವುದು.

ಸಂಜೆ, ಓದಿದ್ದನ್ನು ಫೋನಿನಲ್ಲಿ ಅವ್ವನಿಗೆ ಕನ್ನಡದಲ್ಲಿ ಹೇಳಬೇಕು. ಇದನ್ನು ನಾನು ಹೇಳಿದ್ದು ಮಾತು ಮತ್ತೆ ಬೆಸೆಯಲಿ ಎಂದು. ಆದರೆ ಜಾಸ್ತಿ ಕೆಲಸ ಮಾಡಿದ್ದು ಅದೇ. ಒಂದು ದಿನ ಸಿಸ್ಟರ್ ನಿದ್ದೆ ಮಾತ್ರೆಗಳ ಬಗ್ಗೆ ಓದಿದ್ದನ್ನು ಹೇಳುತ್ತಿದ್ದರು. ಅವ್ವ ನಡುವೆ ತಡೆದು, ‘ಅದನ್ನ ಅಂದಾವ್ರು ಯಾರವಾ? ಡಾಕ್ಟರೋ, ಬರದಾವ್ರೋ?’ ಎಂದು ಕೇಳಿದರು. ಸಿಸ್ಟರ್‌ಗೆ ಉತ್ತರ ಗೊತ್ತಿರಲಿಲ್ಲ. ಫೋನ್ ಕೆಳಗಿಟ್ಟು ಮತ್ತೆ ಓದಿದರು. ಪರೀಕ್ಷೆಯ ಕೊನೆಯ ಭಾಗ ಕೇಳುವುದೂ ಅದನ್ನೇ.

ನಾಲ್ಕು ತಿಂಗಳ ಮೇಲೆ ಮೂರನೇ ಸಲ ಬರೆದರು. ರೀಡಿಂಗ್ 340. ಹತ್ತು ಕಡಿಮೆ. ಅವರು ಬರುವ ಮೊದಲು ನನಗೇ ಭಯವಿತ್ತು. ಬಂದರು. ಅಳಲಿಲ್ಲ. ಎರಡೂ ಲೇಖನ ಟೈಮ್ ಇರುವಾಗಲೇ ಮುಗಿಸಿದ್ದು ಇದೇ ಮೊದಲು ಎಂದರು. ಕೆಲವು ಷರತ್ತುಗಳ ಮೇಲೆ, ಎರಡು ಸಲದ ಪರೀಕ್ಷೆಗಳಲ್ಲಿ ಬೇರೆ ಬೇರೆ ವಿಭಾಗಗಳಿಗೆ ಬಂದ ಅಂಕಗಳನ್ನು ಒಟ್ಟಿಗೆ ತೋರಿಸಲು ಎನ್‌ಎಂಸಿ ಬಿಡುತ್ತದೆ. ಷರತ್ತುಗಳನ್ನು ಅವರ ವೆಬ್‌ಸೈಟಿನಲ್ಲೇ ಇಬ್ಬರೂ ಕೂತು ಓದಿದೆವು. ಇಂಗ್ಲಿಷ್‌ನಲ್ಲಿ, ಉದ್ದುದ್ದ ವಾಕ್ಯಗಳು. ಓದಿ ಅರ್ಥ ಹೇಳಿದ್ದು ಸಿಸ್ಟರ್.

‘ಅವ್ವಗ ನಿನ್ನೆನ ಹೇಳೇನ್ರಿ’ ಎಂದರು. ‘ಮುಂದಿನ ತಾರೀಖಿಗೆ ಇವತ್ತ ಫಾರ್ಮ್ ತುಂಬತೇನಿ.’