ಹೀಬ್ರೂ ಅಕ್ಷರ ಕಲೆಸಿಹೋದರೆ ಕೋರ್ಸ್ ಬಿಡಬೇಕಿಲ್ಲ

ಡಿಸ್ಲೆಕ್ಸಿಯಾ (ಓದು-ಬರಹದ ತೊಡಕು) ಇದೆ, ಬಿ.ಡಿ. (ದೇವಶಾಸ್ತ್ರ ಪದವಿ) ಎರಡನೇ ವರ್ಷದ ಹೀಬ್ರೂ ತಲೆಗೆ ಹತ್ತುತ್ತಿಲ್ಲ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ.

ಅಕ್ಷರ ಕಲೆಸಿಹೋಗುವುದು ನಿಮ್ಮೊಬ್ಬರ ತಪ್ಪಲ್ಲ. ದಾಲೆತ್ (ದ) ಮತ್ತು ರೇಶ್ (ರ) ಎಂಬ ಹೀಬ್ರೂ ಅಕ್ಷರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ದಾಲೆತ್‌ನ ಬಲ ಮೂಲೆ ಚೂಪಾಗಿ ಹೊರಗೆ ಚಾಚಿರುತ್ತದೆ, ರೇಶ್‌ನದು ದುಂಡಗೆ ಬಾಗಿರುತ್ತದೆ. ಅಷ್ಟೇ ವ್ಯತ್ಯಾಸ! ಬೈಬಲ್‌ನ ಹೀಬ್ರೂ ಮೂಲದಲ್ಲಿ ಆದಿಕಾಂಡ 10:4ರಲ್ಲಿ ದೋದಾನೀಮ್ ಅಂತಿದೆ, 1 ಪೂರ್ವಕಾಲವೃತ್ತಾಂತ 1:7ರಲ್ಲಿ ಅದೇ ಹೆಸರು ರೋದಾನೀಮ್. ಕೈಯಲ್ಲಿ ನಕಲು ಮಾಡುತ್ತಿದ್ದ ಪಂಡಿತರಿಗೇ ಹೀಗಾಗಿದೆ, ಅಲ್ವಾ?

ಗೆಳೆಯನೊಬ್ಬನಿಗೆ ಕೆಲಸಕ್ಕೆ ಬಂದದ್ದನ್ನು ಹೇಳುತ್ತೇನೆ. ಪಾಠದ ಪುಟವನ್ನು ದೊಡ್ಡದಾಗಿ ಝೆರಾಕ್ಸ್ ಮಾಡಿಸಿದೆವು. ಮದುವೆ ಕಾಗದದ ದಪ್ಪ ರಟ್ಟಿನಲ್ಲಿ ಒಂದು ಸಾಲು ಮಾತ್ರ ಕಾಣುವಷ್ಟು ಕಿಟಕಿ ಕತ್ತರಿಸಿದೆವು. ಅದನ್ನು ಹೀಬ್ರೂ ಓದುವ ಹಾಗೆ ಬಲದಿಂದ ಎಡಕ್ಕೆ ಸರಿಸುತ್ತಾ, ಆಡಿಯೋ ಕೇಳುತ್ತಾ, ಅವನು ಜೋರಾಗಿ ಓದುತ್ತಿದ್ದ. ದಿನಕ್ಕೆ ಎರಡೇ ವಚನ. ಚೂಪು ಮೂಲೆಗೆಲ್ಲ ಕೆಂಪು ಪೆನ್ನಿನಲ್ಲಿ ಗುರುತು. ಸುಮ್ನೆ ಜಾಸ್ತಿ ಹೊತ್ತು ಕೂತರೆ ಕಣ್ಣು ದಣಿಯುತ್ತದೆ, ಇಪ್ಪತ್ತು ನಿಮಿಷಕ್ಕೆ ಎದ್ದುಬಿಡಿ.

ದೇವಶಾಸ್ತ್ರದ ದಪ್ಪ ಪುಸ್ತಕಗಳಿಗೆ, ಮೊದಲು ಅಧ್ಯಾಯದ ಕೊನೆಯ ಪುಟ ಓದಿ. ಲೇಖಕ ಎಲ್ಲಿಗೆ ಹೊರಟಿದ್ದಾನೆ ಅಂತ ಗೊತ್ತಿದ್ದರೆ ನಡುವಿನ ಉದ್ದ ವಾಕ್ಯಗಳು ಅಷ್ಟು ಹೆದರಿಸುವುದಿಲ್ಲ.

ಇನ್ನೊಂದು ಮಾತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಡಿಸ್ಲೆಕ್ಸಿಯಾದಂಥ ಕಲಿಕೆಯ ನ್ಯೂನತೆಯೂ ಇದೆ. ಚಿಕ್ಕಂದಿನ ವರದಿ ಹಳೆಯದಾಗಿದ್ದರೆ ಡಿಸ್ಲೆಕ್ಸಿಯಾ ತಪಾಸಣೆ ಹೊಸದಾಗಿ ಮಾಡಿಸಿ. ಬೆಂಗಳೂರು ಹತ್ತಿರವಾದರೆ ನಿಮ್ಹಾನ್ಸ್‌ನಲ್ಲಿ ವಿಚಾರಿಸಿ. ಆ ವರದಿ ಇಟ್ಟು, ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕು ಅಂತ ಪ್ರಿನ್ಸಿಪಾಲರಿಗೆ ಈಗಲೇ ಬರವಣಿಗೆಯಲ್ಲಿ ಕೊಡಿ. ಪರೀಕ್ಷೆ ಹಿಂದಿನ ವಾರದವರೆಗೆ ಕಾಯಬೇಡಿ.