ಮಗು ಮಲಗಿ ನೋಡುತ್ತದೆ, ನಾವು ನಿಂತು ಕಟ್ಟುತ್ತೇವೆ

ತೊಟ್ಟಿಲ ಮೇಲೆ ತೂಗಾಡುವ ಬೊಂಬೆಗಳಿಗೆ ಅಂಗಡಿಯವರು ‘ಕ್ರೇಡಲ್ ಮೊಬೈಲ್’ ಎನ್ನುತ್ತಾರೆ. ಫೋನಿನ ಜೊತೆ ಗೊಂದಲವಾಗದಿರಲಿ ಎಂದು ಇಲ್ಲಿ ಅದನ್ನು ಗೊಂಚಲು ಎಂದೇ ಕರೆದಿದ್ದೇವೆ. ಮನೆಯಲ್ಲೇ ಗೊಂಚಲು ಕಟ್ಟುತ್ತಿರುವ ಮೈಸೂರು, ಮಂಡ್ಯ ಜಿಲ್ಲೆಗಳ ಐವರು ಓದುಗರ ಪ್ರಶ್ನೆಗಳಿಗೆ ಈ ವಾರ ಉತ್ತರ.

ತಂಗಿಯ ಮಗುವಿಗೆ 20 ದಿನ. ಫೆಲ್ಟ್ ಬಟ್ಟೆಯಲ್ಲಿ ತಿಳಿ ಗುಲಾಬಿ, ತಿಳಿ ನೀಲಿ ಬಣ್ಣದ ಐದು ಆನೆ ಕತ್ತರಿಸಿ ಗೊಂಚಲು ಕಟ್ಟಿದ್ದೇನೆ. ನೋಡಿದವರೆಲ್ಲ ಮೆಚ್ಚಿಕೊಂಡರು, ಮಗು ಮಾತ್ರ ಕಿಟಕಿಯ ಸರಳು ನೋಡುತ್ತಾ ಮಲಗಿರುತ್ತದೆ. ಎಲ್ಲಿ ತಪ್ಪಿದೆ?
– ಓದುಗರು, ಕುವೆಂಪುನಗರ, ಮೈಸೂರು

ಬೆಳಕಿಗೆ ಎದುರಾಗಿ ನಿಂತ ಕಪ್ಪು ಸರಳಿನಷ್ಟು ಎದ್ದು ಕಾಣುವ ವಸ್ತು ಆ ಕೋಣೆಯಲ್ಲಿ ಬೇರೆ ಇರಲಾರದು. ಈ ವಯಸ್ಸಿನ ಕಣ್ಣಿಗೆ 20ರಿಂದ 30 ಸೆಂ.ಮೀ. ದೂರದ್ದು ಮಾತ್ರ ಒಂದಿಷ್ಟು ಸ್ಪಷ್ಟ. ಹಾಲು ಕುಡಿಯುವಾಗ ತಾಯಿಯ ಮುಖ ಇರುವಷ್ಟು ದೂರ ಅದು. ತಿಳಿ ಗುಲಾಬಿ, ತಿಳಿ ನೀಲಿ, ಹಿಂದೆ ಬಿಳಿ ತಾರಸಿ, ಎಲ್ಲವೂ ಸೇರಿ ಅದಕ್ಕೆ ಮಸುಕು ಮಸುಕು.

ಬಣ್ಣಕ್ಕಿಂತ ದೊಡ್ಡ ತಪ್ಪು ಆನೆಗಳನ್ನು ತೂಗುಹಾಕಿದ ರೀತಿಯಲ್ಲಿದೆ. ಮಗುವನ್ನು ಎತ್ತಿಕೊಂಡ ಮೇಲೆ ಅದರ ತಲೆಯಿದ್ದ ಜಾಗದಲ್ಲಿ ಫೋನನ್ನು ಅಂಗಾತ ಇಟ್ಟು, ಸೆಲ್ಫಿ ಕ್ಯಾಮೆರಾದಲ್ಲಿ ಒಂದು ಫೋಟೊ ತೆಗೆಯಿರಿ. ಅದರಲ್ಲಿ ಆನೆ ಕಾಣುವುದಿಲ್ಲ, ಬಟ್ಟೆಯ ದಪ್ಪದ ಐದು ಗೆರೆ ಕಾಣುತ್ತವೆ. ಜಂಬೂ ಸವಾರಿಯನ್ನು ಅಂಬಾರಿ ಆನೆಯ ಹೊಟ್ಟೆಯ ಕೆಳಗೆ ಮಲಗಿ ನೋಡಿದ ಹಾಗೆ! ಅಂಗಡಿಯ ಗೊಂಚಲುಗಳಲ್ಲೂ ಹೆಚ್ಚಿನವು ಹೀಗೇ ಇರುತ್ತವೆ, ಏಕೆಂದರೆ ಕೊಳ್ಳುವವರು ನಿಂತು ನೋಡುತ್ತಾರೆ.

ಆನೆಗಳನ್ನು ಎಸೆಯಬೇಡಿ. ಬೆನ್ನಿನ ಮೇಲಿನ ಒಂಟಿ ದಾರ ಬಿಚ್ಚಿ, ಒಂದು ಮಗ್ಗುಲಿಗೆ ಮೂರು ಕಡೆ ದಾರ ಹಾಕಿ: ನೆತ್ತಿ, ಬಾಲದ ಬುಡ, ಹೊಟ್ಟೆಯ ನಡು. ಮೂರೂ ದಾರ 10 ಸೆಂ.ಮೀ. ಮೇಲೆ ಒಂದೇ ಗಂಟಿಗೆ ಸೇರಲಿ. ಆಗ ಆನೆ ಮಗ್ಗುಲಾಗಿ ಮಲಗಿ ಇಡೀ ರೂಪ ಕೆಳಕ್ಕೆ ತೋರಿಸುತ್ತದೆ. ಫೆಲ್ಟ್ ಜೋತು ಬೀಳುವುದರಿಂದ ಎರಡು ಪದರದ ನಡುವೆ ಹಳೆಯ ಮದುವೆ ಕಾಗದದ ದಪ್ಪ ರಟ್ಟು ಸೇರಿಸಿ, ಅಂಚು ಹೊಲಿಯಿರಿ. ಅಂಟು ಸಾಲದು, ನಮ್ಮ ಮಳೆಗಾಲದ ತೇವಕ್ಕೆ ಬಿಟ್ಟುಕೊಳ್ಳುತ್ತದೆ.

ಸದ್ಯಕ್ಕೆ, ಅಂದರೆ ಎರಡು ತಿಂಗಳು ತುಂಬುವ ತನಕ, 8 ಸೆಂ.ಮೀ. ಅಗಲದ ನಾಲ್ಕು ಬಿಲ್ಲೆ ಸಾಕು. ಬಿಳಿ ಬಟ್ಟೆಯ ಮೇಲೆ ಕಪ್ಪು ಬಟ್ಟೆ ಹೊಲಿಯಿರಿ: ಒಂದರಲ್ಲಿ ಒಂದೂವರೆ ಸೆಂ.ಮೀ. ಪಟ್ಟಿ, ಇನ್ನೊಂದರಲ್ಲಿ ಅರ್ಧಚಂದ್ರ, ಮತ್ತೊಂದರಲ್ಲಿ ಬಳೆ, ಕೊನೆಯದರಲ್ಲಿ ಚದುರಂಗದ ಮನೆ. ಸಣ್ಣ ಹೂಬಳ್ಳಿ ಬೇಡ, ಅದು ಬೂದು ಬಣ್ಣವಾಗಿ ಕಲೆಸಿಹೋಗುತ್ತದೆ. ಎಳೆಗೂಸು ಮುಖವನ್ನು ಒಂದು ಪಕ್ಕಕ್ಕೆ ಹೊರಳಿಸಿಯೇ ಮಲಗುವುದು ಹೆಚ್ಚು. ಹಾಗಾಗಿ ಗೊಂಚಲು ನೇರ ಮುಖದ ಮೇಲಲ್ಲ, ಎದೆಯ ಮೇಲೆ, ತುಸು ಪಕ್ಕಕ್ಕೆ ಬರಲಿ. ಎತ್ತರ ಈಗ 30 ಸೆಂ.ಮೀ. ಇರಲಿ, ಮಗು ಕೈ ಬೀಸಲು ಶುರುಮಾಡಿದ ದಿನವೇ ಕೈಗೆಟುಕದಂತೆ 40ಕ್ಕಿಂತ ಮೇಲೆ ಏರಿಸಿ. ಎರಡು ತಿಂಗಳಾದ ಮೇಲೆ ಕೆಂಪು, ಆಮೇಲೆ ಹಳದಿ, ನೀಲಿ. ನಿಮ್ಮ ಗುಲಾಬಿ ಆನೆಗಳ ಸರದಿ ಎಲ್ಲಕ್ಕಿಂತ ಕೊನೆಗೆ.

ಬಿದಿರು ಕಡ್ಡಿಯ ಎರಡು ಅಂತಸ್ತಿನ ಗೊಂಚಲು ಮಾಡುತ್ತಿದ್ದೇನೆ. ಮೇಲಿನ ಕಡ್ಡಿ ಸರಿಮಾಡಿದರೆ ಕೆಳಗಿನದು ವಾಲುತ್ತದೆ, ಕೆಳಗಿನದು ಸರಿಮಾಡಿದರೆ ಮೇಲಿನದು. ಹಗುರ ಇರುವ ಕಡೆ ಒಂದು ರೂಪಾಯಿ ನಾಣ್ಯ ಅಂಟಿಸಲೇ?
– ಓದುಗರು, ಮಂಡ್ಯ

ನಾಣ್ಯ ಖಂಡಿತ ಬೇಡ. ಅಂಟು ಬಿಟ್ಟ ದಿನ ಅದು ನೇರ ಮಗುವಿನ ಬಾಯಿಯ ಬಳಿ ಬೀಳುತ್ತದೆ. ನೀವು ಮೇಲಿನಿಂದ ಕೆಳಗೆ ಕಟ್ಟುತ್ತಿದ್ದೀರಿ, ಗೊಂಚಲನ್ನು ಕಟ್ಟಬೇಕಾದ್ದು ಕೆಳಗಿನಿಂದ ಮೇಲೆ. ಕೆಳಗಿನ ಕಡ್ಡಿ ಪೂರ್ತಿ ಸರಿಯಾದ ಮೇಲೆ ಅದು ಮೇಲಿನ ಕಡ್ಡಿಗೆ ಒಂದೇ ಭಾರ, ಮತ್ತೆ ಅದನ್ನು ಮುಟ್ಟುವ ಹಾಗಿಲ್ಲ.

ಲೆಕ್ಕ ತಕ್ಕಡಿಯದ್ದೇ: ಭಾರವನ್ನು ದೂರದಿಂದ ಗುಣಿಸಿದರೆ ಎರಡೂ ಕಡೆ ಸಮ ಬರಬೇಕು. 30 ಸೆಂ.ಮೀ. ಕಡ್ಡಿಯ ಒಂದು ತುದಿಯಲ್ಲಿ 6 ಗ್ರಾಂ, ಇನ್ನೊಂದರಲ್ಲಿ 9 ಗ್ರಾಂ ಇದ್ದರೆ, ನೇತುಹಾಕುವ ಜಾಗ ಹಗುರ ತುದಿಯಿಂದ 18 ಸೆಂ.ಮೀ. ಇದು ಕಡ್ಡಿಗೆ ತೂಕವೇ ಇಲ್ಲ ಎಂದುಕೊಂಡಾಗಿನ ಲೆಕ್ಕ. ಕಡ್ಡಿಯೇ 5 ಗ್ರಾಂ ಇದ್ದರೆ ಆ ಜಾಗ ನಡುವಿನ ಕಡೆಗೆ ಸರಿದು 17.25 ಸೆಂ.ಮೀ.ಗೆ ಬರುತ್ತದೆ. ಈ ಮುಕ್ಕಾಲು ಸೆಂ.ಮೀ. ಮರೆತವರೇ ನಾಣ್ಯ ಹುಡುಕುವುದು. ಇನ್ನು ಮೇಲಿನ ಕಡ್ಡಿ 40 ಸೆಂ.ಮೀ., 7 ಗ್ರಾಂ ಎನ್ನಿ. ಒಂದು ತುದಿಗೆ ಈ ಕೆಳ ಅಂತಸ್ತಿನ ಒಟ್ಟು 20 ಗ್ರಾಂ, ಇನ್ನೊಂದಕ್ಕೆ 12 ಗ್ರಾಮಿನ ಒಂದು ಬೊಂಬೆ. ಹಗುರ ತುದಿಯಿಂದ ಸುಮಾರು 24 ಸೆಂ.ಮೀ.ಗೆ ದಾರ ಕಟ್ಟಿ. ಅಡುಗೆಮನೆಯ ತಕ್ಕಡಿ 6 ಗ್ರಾಮನ್ನು 5 ಎಂದೂ 7 ಎಂದೂ ತೋರಿಸೀತು. ಆದ್ದರಿಂದ ಲೆಕ್ಕದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಜಾರುಗಂಟು ಕಟ್ಟಿ, ಕೂದಲೆಳೆಯಷ್ಟು ಕೂದಲೆಳೆಯಷ್ಟೇ ಸರಿಸುತ್ತ ನಿಲ್ಲುವ ಜಾಗ ಕಂಡುಕೊಳ್ಳಿ. ಒಂದು ರಾತ್ರಿ ಹಾಗೇ ತೂಗಲು ಬಿಟ್ಟು, ಬೆಳಿಗ್ಗೆಯೂ ನೆಟ್ಟಗಿದ್ದರೆ ಗಂಟಿಗೆ ಒಂದು ಹನಿ ಫೆವಿಕಾಲ್ ಹಾಕಿ.

ಇಷ್ಟಾದರೂ ಕಡ್ಡಿ ಪಲ್ಟಿ ಹೊಡೆಯುತ್ತಿದ್ದರೆ ಅದರ ಬಾಗು ನೋಡಿ. ಪೂರ್ತಿ ನೆಟ್ಟಗಿನ ಬಿದಿರು ಕಡ್ಡಿ ಅಪರೂಪ. ಎರಡೂ ತುದಿ ಮೇಲಕ್ಕೆ ಬಾಗಿದ್ದರೆ ಭಾರ ತೂಗುವ ಜಾಗಗಳು ನೇತುಹಾಕಿದ ಜಾಗಕ್ಕಿಂತ ಮೇಲಾಗುತ್ತವೆ, ಯಾವ ಲೆಕ್ಕಕ್ಕೂ ಅದು ನಿಲ್ಲುವುದಿಲ್ಲ. ಅದೇ ಕಡ್ಡಿಯನ್ನು ಮಗುಚಿ, ತುದಿ ಕೆಳಗಾಗುವಂತೆ ಕಟ್ಟಿದರೆ ತಾನೇ ನಿಲ್ಲುತ್ತದೆ. ಅರ್ಧ ಸೆಂ.ಮೀ. ಬಾಗು ಸಾಕು.

ಹಸಿ ಬಿದಿರು ಒಣಗುತ್ತಾ ತೂಕ ಕಳೆದುಕೊಳ್ಳುತ್ತದೆ, ಹದಿನೈದು ದಿನಕ್ಕೆ ಗೊಂಚಲು ಮತ್ತೆ ವಾಲುತ್ತದೆ. ಮೈಸೂರಿನ ಬಂಬೂ ಬಜಾರಿನಲ್ಲೋ ನಿಮ್ಮೂರ ಮೇದರ ಬಳಿಯೋ ಕೊಳ್ಳುವಾಗ ಒಣಗಿದ್ದನ್ನೇ ಕೇಳಿ. ತಂದದ್ದನ್ನು ಬಿಳಿ ಕಾಗದದ ಮೇಲೆ ಕುಟ್ಟಿ. ಹಳದಿ ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ ಎಂದು ಅರ್ಥ. ಆ ಪುಡಿ ಮುಂದೆ ಮಗುವಿನ ಕಣ್ಣಿಗೆ ಉದುರುತ್ತದೆ. ಸಿಬಿರು ಹೋಗುವ ತನಕ ಮರಳು ಕಾಗದ ತಿಕ್ಕಿ.

ನಾವು ರೇಷ್ಮೆ ಬೆಳೆಯುವವರು. ಮೊಮ್ಮಗಳ ತೊಟ್ಟಿಲಿಗೆ ನಮ್ಮ ಮನೆಯದೇ ಗೂಡಿನಲ್ಲಿ ಹೂವು ಮಾಡಿ ಕಟ್ಟಬೇಕೆಂದು ಆಸೆ. ಮಾಡಬಹುದೇ?
– ಓದುಗರು, ಮಳವಳ್ಳಿ ತಾಲ್ಲೂಕು

ಮಾಡಬಹುದು, ಅಷ್ಟು ಹಗುರದ ವಸ್ತು ಬೇರೆ ಸಿಗುವುದು ಕಷ್ಟ. ಒಳಗಿನ ಹುಳು ತೆಗೆದ ಮೇಲೆ ಒಂದು ಗೂಡಿನ ತೂಕ ಅರ್ಧ ಗ್ರಾಮೂ ಇಲ್ಲ. ಫ್ಯಾನಿಲ್ಲದ ಕೋಣೆಯಲ್ಲೂ ಬಾಗಿಲು ತೆಗೆದ ಗಾಳಿಗೆ ತಿರುಗುತ್ತದೆ.

ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟಿಯಿಂದ ಬಿಡಿಸಿದ್ದನ್ನು ಹಾಗೇ ಪೋಣಿಸಬೇಡಿ. ಒಳಗಿನ ಜೀವ ಚಿಟ್ಟೆಯಾಗಿ ಗೂಡು ಒದ್ದೆ ಮಾಡಿ ಹೊರಬರುತ್ತದೆ, ಸತ್ತರೆ ನಾತ, ಆ ನಾತಕ್ಕೆ ದಾರ ಹಿಡಿದು ಇಳಿಯುವ ಇರುವೆ. ಚೂಪು ಕತ್ತರಿಯಲ್ಲಿ ಒಂದು ತುದಿಯನ್ನು ಕೊಯ್ದು, ಹುಳುವನ್ನೂ ಅದು ಕಳಚಿದ ಪೊರೆಯನ್ನೂ ಕೊಡವಿ ತೆಗೆಯಿರಿ. ಒಳಗೆ ಕಲೆಯಾದ ಗೂಡು ಬಿಟ್ಟುಬಿಡಿ. ಇಡ್ಲಿ ಪಾತ್ರೆಯಲ್ಲಿ 10 ನಿಮಿಷ ಹಬೆ ಕೊಟ್ಟು ಎರಡು ದಿನ ಬಿಸಿಲಿಗಿಡಿ. ನೀರಲ್ಲಿ ಕುದಿಸಬೇಡಿ. ಗೂಡನ್ನು ಬಿಗಿಯಾಗಿ ಹಿಡಿದಿರುವುದೇ ಅಂಟು, ಅದು ಕರಗಿದರೆ ಎಳೆ ಬಿಚ್ಚಿಕೊಂಡು ಗೂಡು ಕುಸಿಯುತ್ತದೆ. ಮೇಲಿನ ಸಡಿಲ ನೂಲನ್ನು ಪೂರ್ತಿ ಸುಲಿಯಿರಿ, ಆ ಎಳೆ ಎಳೆಗೂಸಿನ ಬೆರಳಿಗೆ ಸುತ್ತಿಕೊಂಡರೆ ರಕ್ತ ಓಡಾಟವೇ ನಿಲ್ಲುತ್ತದೆ.

ಒಂದು ತೊಡಕಿದೆ. ಒಂಟಿ ಗೂಡು ಸುಮಾರು 3 ಸೆಂ.ಮೀ. ಉದ್ದ, ಮಗುವಿನ ಗಂಟಲಿಗೆ ಸಿಕ್ಕಿಕೊಳ್ಳುವ ಗಾತ್ರವೇ. ಐದು ಗೂಡುಗಳನ್ನು 7 ಸೆಂ.ಮೀ. ಬಟ್ಟೆಯ ಬಿಲ್ಲೆಯ ಮೇಲೆ ಎಸಳಿನಂತೆ ಜೋಡಿಸಿ, ಪ್ರತಿಯೊಂದನ್ನೂ ಎರಡೆರಡು ಕಡೆ ಹೊಲಿದುಬಿಡಿ. ಹೂವಿನ ಮುಖ ಕೆಳಕ್ಕೆ. ಹಿನ್ನೆಲೆಯ ಬಿಲ್ಲೆ ಕಡುಗೆಂಪಾದರೆ ಬಿಳಿ ಗೂಡು ಚೆನ್ನಾಗಿ ಎದ್ದು ಕಾಣುತ್ತದೆ. ಗೂಡಿಗೆ ಬಣ್ಣ ಹಾಕುವ ಗೋಜು ಬೇಡ.

ಹಳೇ ಹೆಂಚಿನ ಮನೆ. ತೊಲೆಗೆ ತೊಟ್ಟಿಲು ಹಾಕಿದ್ದೇವೆ, ಹಗಲು ಹೊತ್ತು ಸೀರೆ ಜೋಲಿ. ಗೊಂಚಲು ಎಲ್ಲಿಗೆ ಕಟ್ಟಲಿ?
– ಓದುಗರು, ಶ್ರೀರಂಗಪಟ್ಟಣ

ಜೋಲಿಗೆ ಕಟ್ಟಲೇಬೇಡಿ. ಅದರೊಳಗಿನ ಮಗುವಿಗೆ ಕಾಣುವುದು ಸೀರೆ ಮಾತ್ರ, ಹೆಚ್ಚುವರಿ ದಾರ ಅಲ್ಲಿ ಅಪಾಯ. ತೂಗುವ ತೊಟ್ಟಿಲಿಗಾದರೆ ತೊಲೆಯಿಂದ ಬೇರೆಯಾಗಿ ಇಳಿಬಿಟ್ಟರೆ ತೊಟ್ಟಿಲು ಒಂದು ಕಡೆ, ಗೊಂಚಲು ಒಂದು ಕಡೆ ಆಗುತ್ತದೆ. ತೊಟ್ಟಿಲ ಮೇಲಿನ ಅಡ್ಡಪಟ್ಟಿಗೇ ಒಂದೇ ಅಂತಸ್ತಿನದನ್ನು ಕಟ್ಟಿ, ದಾರ 10 ಸೆಂ.ಮೀ. ಮೀರದಿರಲಿ. ಉದ್ದ ದಾರದ ಬೊಂಬೆ ತೂಗಿದಂತೆಲ್ಲ ಸರಪಳಿಗೆ ಸುತ್ತಿಕೊಳ್ಳುತ್ತದೆ.

ಮಂಚದ ಮೇಲೆ ಬೇಕಾದರೆ ತೊಲೆಗೆ 2 ಮಿ.ಮೀ. ತೂತು ಕೊರೆದು ತಿರುಪಿನ ಕೊಕ್ಕೆ ಹಾಕಿ. ತೂತಿಲ್ಲದೆ ತಿರುಪಿದರೆ ಹಳೆಯ ಮರ ಸೀಳುತ್ತದೆ. ಅಂಟಿಸುವ ಕೊಕ್ಕೆ ಸುಣ್ಣ, ಡಿಸ್ಟೆಂಪರ್ ಮೇಲೆ ನಿಲ್ಲುವುದಿಲ್ಲ, ಬಣ್ಣದ ಪದರದ ಸಮೇತ ಕಿತ್ತು ಬರುತ್ತದೆ. ಫ್ಯಾನಿನ ನೇರ ಕೆಳಗೆ ಕಟ್ಟಿದರೆ ಅರ್ಧ ಗಂಟೆಗೆ ಕಗ್ಗಂಟು. ಕೊಕ್ಕೆಗೂ ದಾರಕ್ಕೂ ನಡುವೆ ಮೀನಿನ ಗಾಳಕ್ಕೆ ಹಾಕುವ, ತಾನೇ ತಿರುಗುವ ಕೊಂಡಿ ಹಾಕಿ. ಗಾಳದ ನೈಲಾನ್ ದಾರ ಮಾತ್ರ ಬೇಡ, ಗಂಟು ಜಾರುತ್ತದೆ. ಕ್ರೋಶಾ ಹಾಕುವ ಹತ್ತಿ ನೂಲು ಒಳ್ಳೆಯದು.

ಅತ್ತೆಯವರು ಬೆಳ್ಳಿ ಗೆಜ್ಜೆ ಕಟ್ಟು ಎನ್ನುತ್ತಾರೆ, ನನ್ನ ಬಳಿ ಚನ್ನಪಟ್ಟಣದ ಮಣಿಗಳೂ ಇವೆ. ಎಷ್ಟು ತಿಂಗಳ ತನಕ ಗೊಂಚಲು ಇಡಬಹುದು?
– ಓದುಗರು, ನಂಜನಗೂಡು

ಗೆಜ್ಜೆಯ ಬಾಯಿ ಅಗಲವಾದರೆ ಒಳಗಿನ ಗುಂಡು ಉದುರುತ್ತದೆ. ಅತ್ತೆಯವರ ಮಾತು ಮೀರುವುದೂ ಬೇಡ, ಕೋಣೆಯ ಬಾಗಿಲಿಗೆ ಕಟ್ಟಿ. ಸದ್ದು ಮಗುವಿಗೆ ಅಲ್ಲಿಂದಲೂ ಕೇಳುತ್ತದೆ. ಚನ್ನಪಟ್ಟಣದ ಮಣಿ ಹಾಲೆ ಮರದ್ದು, 2 ಸೆಂ.ಮೀ. ಮಣಿ ಸುಮಾರು 3 ಗ್ರಾಂ ತೂಗುತ್ತದೆ. ಅದನ್ನು ಚೌಕಟ್ಟಿನ ಮೇಲ್ಭಾಗದಲ್ಲಿ, ಕೊಕ್ಕೆಯ ಹತ್ತಿರ ಪೋಣಿಸಿ, ಮಗುವಿನ ಮೇಲೆ ತೂಗುವ ತುದಿಯಲ್ಲಲ್ಲ. ಹಾಡು ಹೇಳುವ ಪುಟ್ಟ ಪೆಟ್ಟಿಗೆ ಸೇರಿಸುವ ಯೋಚನೆ ಇದ್ದರೆ, ಗುಂಡಿಯಂಥ ಬ್ಯಾಟರಿ ಇರುವುದನ್ನು ಮನೆಗೇ ತರಬೇಡಿ. ನುಂಗಿದರೆ ಎರಡು ಗಂಟೆಯೊಳಗೆ ಅನ್ನನಾಳ ಸುಡುತ್ತದೆ.

ಕಟ್ಟುವ ಮೊದಲು ಪ್ರತಿ ಬೊಂಬೆಯ ದಾರಕ್ಕೂ ನೀರು ತುಂಬಿದ ಒಂದು ಲೀಟರ್ ಬಾಟಲಿ ತೂಗುಹಾಕಿ ನೋಡಿ, ಹೊಲಿಗೆ ಬಿಡಬಾರದು. ಯಾವ ಬೊಂಬೆಯ ದಾರವೂ 18 ಸೆಂ.ಮೀ. ಮೀರಬಾರದು. ಐದು ತಿಂಗಳು ತುಂಬಿದಾಗ ಅಥವಾ ಮಗು ಕೈಯೂರಿ ಎದೆ ಎತ್ತಿದಾಗ, ಯಾವುದು ಮೊದಲೋ ಅಂದೇ ಇಳಿಸಿ. ಆಮೇಲೆ ಅದನ್ನು ಮಗುವಿಗೆ ಎಟುಕದ ಕಿಟಕಿಗೆ ತೂಗುಹಾಕಬಹುದು.